ಮಾವನ ಆರಾಮ ಕುರ್ಚಿ, ಷಡ್ಡಕನ ಎಂ.ಎ.

ಹೊಟ್ಟೆಕಿಚ್ಚು ಪಡುವುದು ನನ್ನ ಸ್ವಭಾವವಲ್ಲ. ಆದರೆ ನನ್ನ ಹೆಂಡತಿಯ ತಂಗಿಯನ್ನು ಮದುವೆಯಾದ ಈ ಷಡ್ಡಕ ಇದ್ದಾನಲ್ಲ, ಅವನು ಬೇರೆ ಸ್ವಭಾವ ಇಟ್ಟುಕೊಳ್ಳಲು ನನಗೆ ಪುರಸೊತ್ತೇ ಕೊಡಲಿಲ್ಲ. ಅವನಿಗೆ ಏನಾದರೊಂದು ಒಳ್ಳೆಯದಾಗುತ್ತಲೇ ಇತ್ತು. ಅದೂ ನನ್ನ ಕಣ್ಣೆದುರಿಗೇ.

ಜಯನಗರ ಆಗ ಹೊಸ ಬಡಾವಣೆ. ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಇಬ್ಬರೂ ಸರ್ಕಾರಿ ಗುಮಾಸ್ತರು, ಅಕ್ಕಪಕ್ಕದ ಬೀದಿಯಲ್ಲಿ ಬಾಡಿಗೆಗಿದ್ದೆವು. ಭಾನುವಾರದ ಊಟ ಮಾತ್ರ ತ್ಯಾಗರಾಜನಗರದ ಮಾವನ ಮನೆಯಲ್ಲಿ. ಮಾವ ತಾಲ್ಲೂಕು ಕಚೇರಿಯ ಶಿರಸ್ತೇದಾರರಾಗಿ ನಿವೃತ್ತರಾದವರು. ಅವರ ನಡುಮನೆಯಲ್ಲಿ ತೇಗದ ಒಂದು ಆರಾಮ ಕುರ್ಚಿ ಇತ್ತು. ನಾನು ಹೋದ ತಕ್ಷಣ ಮಾವ ಎದ್ದು, "ಬನ್ನಿ, ಕೂತ್ಕೊಳ್ಳಿ" ಅಂತ ಅದನ್ನು ಬಿಟ್ಟುಕೊಡುತ್ತಿದ್ದರು. ಹಿರಿಯ ಅಳಿಯನಿಗೆ ಆ ಮನೆಯ ಮರ್ಯಾದೆ ಅದು. ಕಚೇರಿಯಲ್ಲಿ ನನಗೆ ಕೈಯಿಲ್ಲದ ಕುರ್ಚಿ, ಮನೆಯಲ್ಲಿ ಚಾಪೆ. ಪ್ರಪಂಚದಲ್ಲಿ ನನ್ನದು ಅಂತ ಒಂದು ಸಿಂಹಾಸನವಿದ್ದರೆ ಅದು ಅಲ್ಲೇ.

ಬೆನ್ನು ನೋವು

ಒಂದು ಭಾನುವಾರ ಷಡ್ಡಕ ನಡುಮನೆಯಲ್ಲಿ ನಿಂತು ಸುದ್ದಿ ಹೇಳಿದ. ಅವನಿಗೆ ಪಬ್ಲಿಕ್ ಅಡ್ಮಿನಿಸ್ಟ್ರೇಷನ್ ಎಂ.ಎ.ಗೆ ಸೀಟು ಸಿಕ್ಕಿತ್ತು. ಸಂಜೆ ಕ್ಲಾಸು. ಕಚೇರಿಯಿಂದ ಅನುಮತಿಯೂ ಆಗಿತ್ತು. ಆಡಳಿತ ತತ್ವ, ಸಂವಿಧಾನ, ಸಾರ್ವಜನಿಕ ಹಣಕಾಸು, ಅಂಕಿಅಂಶ ಅಂತ ಮೊದಲ ವರ್ಷದ ಪೇಪರುಗಳನ್ನು ಒಂದೊಂದಾಗಿ ಹೇಳುತ್ತಾ ಹೋದ. ಮಾವ ಸಹಸ್ರನಾಮ ಕೇಳುವವರ ಹಾಗೆ ಕಣ್ಣು ಮುಚ್ಚಿಕೊಂಡು ಕೇಳಿದರು.

"ನಾನು ಜೀವಮಾನವೆಲ್ಲ ಆಡಳಿತ ಮಾಡ್ದೆ. ಅದಕ್ಕೊಂದು ತತ್ವ ಇದೆ ಅಂತ ಯಾರೂ ಹೇಳ್ಲೇ ಇಲ್ಲ" ಅಂದರು.

ನಾನು ಕೂಡ ಅರ್ಜಿ ಹಾಕಿದ್ದೆ. ಸಿಕ್ಕಿರಲಿಲ್ಲ. ಅದನ್ನು ಯಾರಿಗೂ ಹೇಳಿರಲಿಲ್ಲ, ಆಗಲೂ ಹೇಳಲಿಲ್ಲ.

ಮುಂದಿನ ಭಾನುವಾರ ಹೋದರೆ ಕುರ್ಚಿಯಲ್ಲಿ ಷಡ್ಡಕ ಮಲಗಿದ್ದಾನೆ. ಎದೆಯ ಮೇಲೆ ದಪ್ಪ ಪುಸ್ತಕ. ಮಾವ ನನ್ನನ್ನು ಬಾಗಿಲಲ್ಲೇ ತಡೆದು, "ಶ್! ರಾತ್ರಿಯೆಲ್ಲ ಓದಿ ಬೆನ್ನು ನೋವಂತೆ ಪಾಪ. ನೀವು ಇಲ್ಲಿ ಚಾಪೆ ಮೇಲೆ ಬನ್ನಿ" ಅಂದರು.

ನನಗೆ ಮೈಯೆಲ್ಲ ಉರಿದುಹೋಯಿತು. ಊಟಕ್ಕೆ ಕೂತಾಗ ಅತ್ತೆಗೆ ಕೇಳಿಸುವ ಹಾಗೆ, "ನನಗೂ ಬೆನ್ನು ನೋವು" ಅಂದೆ. ಅತ್ತೆ ಒಳಗೆ ಹೋಗಿ ಒಂದು ಶೀಸೆ ತಂದು ನನ್ನ ಹೆಂಡತಿಯ ಕೈಗೆ ಕೊಟ್ಟು, "ನಿಮ್ಮನೆಯವರಿಗೆ ಎಣ್ಣೆ ತಿಕ್ಕೇ" ಅಂದರು. ಹೀಗೆ ಒಂದೇ ಕಾಯಿಲೆಗೆ ಅವನಿಗೆ ಕುರ್ಚಿ, ನನಗೆ ಎಣ್ಣೆ.

ನಲ್ಲಿ ನೀರು

ಕೋರ್ಸಿನಲ್ಲಿ ಫೀಲ್ಡ್ ವರ್ಕ್ ಅಂತ ಒಂದಿತ್ತು. ಜನರ ಹತ್ತಿರ ಹೋಗಿ ಅವರ ಕಷ್ಟ ಕೇಳಬೇಕು, ಬರೆದುಕೊಳ್ಳಬೇಕು, ಅಷ್ಟೆ. ಪರಿಹಾರ ಮಾಡುವ ಹಂಗಿಲ್ಲ.

ನಮ್ಮ ಎರಡೂ ಬೀದಿಗಳಲ್ಲಿ ಆಗ ಮನೆಮನೆಗೂ ನಲ್ಲಿ ಇತ್ತು, ನೀರಿರಲಿಲ್ಲ. ಆ ನೀರಿಗಾಗಿ ನಾನು ಕಂಡಕಂಡವರಿಗೆಲ್ಲ ಅರ್ಜಿ ಬರೆದು, ಚಪ್ಪಲಿ ಸವೆಸಿ, ಪ್ರತಿಯೊಬ್ಬ ಅಧಿಕಾರಿಗೂ ನಮಸ್ಕಾರ ಹಾಕಿದ್ದೆ. ಷಡ್ಡಕ ಒಂದು ಸಂಜೆ ಕೋಟು ಹಾಕಿಕೊಂಡು ಬಂದು ಮನೆಮನೆಯ ಮುಂದೆ ನಿಂತು, "ನೀರು ಬರದೇ ಇರೋದರ ಬಗ್ಗೆ ತಮ್ಮ ಅಭಿಪ್ರಾಯವೇನು?" ಅಂತ ಕೇಳಿದ. ಹೆಂಗಸರು ಅಭಿಪ್ರಾಯವನ್ನು ಧಾರಾಳವಾಗಿ ಕೊಟ್ಟರು. ಜೊತೆಗೆ ಕಾಫಿ.

ಆ ವಾರವೇ ನೀರು ಬಂತು! ನನ್ನ ಅರ್ಜಿಗಳು ಕೊನೆಗೂ ಯಾವುದೋ ಮೇಜಿನಿಂದ ಎದ್ದಿರಬೇಕು. ಆದರೆ ಬೀದಿಯವರೆಲ್ಲ ಸೇರಿ ನಲ್ಲಿಗೆ ಅರಿಶಿನ ಕುಂಕುಮ ಹಚ್ಚಿ ತೆಂಗಿನಕಾಯಿ ಒಡೆಯಲು ಕರೆದದ್ದು ಷಡ್ಡಕನನ್ನು.

"ಅರ್ಜಿ ಹಾಕಿದ್ದು ನಾನು" ಅಂತ ಎದುರುಮನೆಯಾಕೆಗೆ ಹೇಳಿದೆ.

"ಇರಬಹುದು ಸಾರ್, ಆದ್ರೆ ಅವರು ಬಂದು ಕೇಳಿದ್ರಲ್ಲ!" ಅಂದರು ಆಕೆ. ನಮ್ಮ ಮನೆ ಸ್ವಲ್ಪ ದಿಣ್ಣೆಯ ಮೇಲಿತ್ತು. ನೀರು ಅಲ್ಲಿಯವರೆಗೆ ಏರಲಿಲ್ಲ. ಬಿಂದಿಗೆ ಹಿಡಿದುಕೊಂಡು ತಗ್ಗಿನಲ್ಲಿದ್ದ ಷಡ್ಡಕನ ಮನೆಗೇ ಹೋಗಬೇಕಾಯಿತು.

ನನ್ನ ಸಲಹೆ

ಎರಡನೆಯ ವರ್ಷಕ್ಕೆ ಒಂದು ವಿಶೇಷ ವಿಷಯ ಆರಿಸಿಕೊಳ್ಳಬೇಕು. ಹಣಕಾಸು ಆಡಳಿತ, ಸಿಬ್ಬಂದಿ ಆಡಳಿತ, ನಗರಾಡಳಿತ, ಗ್ರಾಮಾಡಳಿತ. ಹೆಣ್ಣು ನೋಡಿ ಬಂದವರ ಹಾಗೆ ಮನೆಯವರೆಲ್ಲ ಸುತ್ತ ಕೂತು ಚರ್ಚೆ ಶುರುಮಾಡಿದರು. ಹಣಕಾಸು ಅಂದರು ಮಾವ. ಅತ್ತೆ ಅಡಿಗೆಮನೆಯಿಂದಲೇ, "ಯಾವುದಕ್ಕೆ ಜೀಪು ಕೊಡ್ತಾರೆ ನೋಡಿ" ಅಂದರು.

"ನೀವೇನಂತೀರಿ ಭಾವ?" ಅಂತ ಷಡ್ಡಕ ನನ್ನ ಕಡೆ ತಿರುಗಿದ.

ನನ್ನ ತಲೆ ಚುರುಕಾಗಿ ಓಡಿತು. ಗ್ರಾಮಾಡಳಿತ ತೆಗೆದುಕೊಂಡರೆ ಭಾನುವಾರಗಳು ಹಳ್ಳಿಯಲ್ಲೇ ಕಳೆಯುತ್ತವೆ. ಕುರ್ಚಿ ಖಾಲಿ! "ದೇಶ ಇರೋದು ಹಳ್ಳೀಲಪ್ಪಾ. ಗ್ರಾಮಾಡಳಿತ ತೊಗೋ" ಅಂದೆ. ನನ್ನ ದೇಶಭಕ್ತಿಗೆ ಮಾವನ ಕಣ್ಣು ಒದ್ದೆಯಾಯಿತು.

ಷಡ್ಡಕ ಹಾಗೇ ಮಾಡಿದ. ಆದರೆ ಆ ಕಾಲದಲ್ಲಿ ಹಳ್ಳಿಗೆ ದೂರ ಹೋಗಬೇಕಾಗಿಯೇ ಇರಲಿಲ್ಲ. ಜಯನಗರ ಮುಗಿದ ಕಡೆ ಹೊಲ ಶುರು. ಬೆಳಿಗ್ಗೆ ಸೈಕಲ್ ಹತ್ತಿ ವಸಂತಪುರದ ಕಡೆ ಹೋದವನು ಊಟದ ಹೊತ್ತಿಗೆ ಸರಿಯಾಗಿ ಮಾವನ ಮನೆಯಲ್ಲಿ. ಕ್ಯಾರಿಯರ್ ಮೇಲೆ ಒಂದು ಮೂಟೆ ಸೊನೆ ಅವರೆಕಾಯಿ! ಓದುವ ಸಾಹೇಬರು ನಮ್ಮ ಹೊಲ ನೋಡಲು ಬಂದರಲ್ಲ ಅಂತ ರೈತರು ಪ್ರೀತಿಯಿಂದ ಕಟ್ಟಿಕೊಟ್ಟದ್ದು. ಅವತ್ತು ಅತ್ತೆ ಹಿತಕಿದ ಬೇಳೆ ಸಾರು ಮಾಡಿ, "ನೀವು ಹೇಳಿದ್ದಕ್ಕೇ ಅವರು ಈ ವಿಷಯ ತೊಗೊಂಡಿದ್ದು" ಅಂತ ನನಗೆ ಎರಡು ಸೌಟು ಜಾಸ್ತಿ ಬಡಿಸಿದರು. ಆಮೇಲೆ ಹೊಟ್ಟೆಯಲ್ಲಿ ಎದ್ದ ಸಂಕಟದಲ್ಲಿ ಅವರೆಯದೆಷ್ಟು, ಷಡ್ಡಕನದೆಷ್ಟು ಅಂತ ಇವತ್ತಿಗೂ ಲೆಕ್ಕ ಸಿಕ್ಕಿಲ್ಲ.

ಗಟ್ಟಿಮೇಳ

ಅವನು ಎಂ.ಎ. ಪಾಸು ಮಾಡಿದ. ಅದೇ ವರ್ಷ ಮಾವನ ಮೂರನೆಯ ಮಗಳಿಗೆ ಮದುವೆ ಗೊತ್ತಾಯಿತು. ಹಿರಿಯ ಅಳಿಯನಾಗಿ ಓಡಾಡುವುದು ನನ್ನ ಹಕ್ಕು. ಇಲ್ಲಿ ಗೆದ್ದರೆ ಕುರ್ಚಿ ವಾಪಸ್ಸು ಅಂತ ಪಂಚೆ ಎತ್ತಿ ಕಟ್ಟಿಕೊಂಡು ಹೋದೆ. ನಡುಮನೆಯ ಗೋಡೆಯ ಮೇಲೆ ಷಡ್ಡಕ ಇದ್ದಿಲಿನಿಂದ ಚೌಕಗಳನ್ನು ಬರೆದಿದ್ದ. ಮೇಲಿನ ಚೌಕದಲ್ಲಿ ಅವನು. ಅಲ್ಲಿಂದ ಗೆರೆಗಳು ಕೆಳಗಿಳಿದು ಅಡಿಗೆ, ಓಲಗ, ಚಪ್ಪರ. ಎಲ್ಲಕ್ಕಿಂತ ಕೆಳಗೆ, ಮೂಲೆಯಲ್ಲಿ, ನಾನು. ಬೀಗರ ಚಪ್ಪಲಿ ಕಾಯುವುದು.

"ಹುಕುಂ ಒಬ್ಬರಿಂದಲೇ ಬರ್ಬೇಕು ಭಾವ. ಇಲ್ಲದಿದ್ರೆ ಗೊಂದಲ ಆಗುತ್ತೆ. ಇದು ಆಡಳಿತದ ಮೊದಲ ಸೂತ್ರ" ಅಂದ. ಓಲಗದವರನ್ನೂ ಕರೆದು, "ಗಲಾಟೇಲಿ ಯಾರ್ಯಾರೋ ಊದಿ ಅಂತಾರೆ. ನಾನು ಹೇಳೋವರೆಗೂ ಊದ್ಬೇಡಿ" ಅಂತ ಕಟ್ಟಪ್ಪಣೆ ಮಾಡಿದ.

ಮುಹೂರ್ತ ಬಂತು. ಪುರೋಹಿತರು ಕೈಯೆತ್ತಿ, "ಗಟ್ಟಿಮೇಳ! ಗಟ್ಟಿಮೇಳ!" ಅಂದರು. ಸದ್ದಿಲ್ಲ. ಹುಡುಗ ತಾಳಿ ಹಿಡಿದು ನಿಂತಿದ್ದಾನೆ. ಓಲಗದವರು ವಾದ್ಯವನ್ನು ತೊಡೆಯ ಮೇಲಿಟ್ಟುಕೊಂಡು ಷಡ್ಡಕನನ್ನು ಹುಡುಕುತ್ತಿದ್ದಾರೆ. ಅವನು ತನ್ನ ಪ್ರೊಫೆಸರನ್ನು ಕರೆತರಲು ಬಸ್‌ಸ್ಟಾಪಿಗೆ ಹೋಗಿದ್ದ. ಆ ಕೆಲಸವನ್ನು ಬೇರೆ ಯಾರಿಗೂ ವಹಿಸಲು ಅವನಿಗೆ ಮನಸ್ಸಾಗಿರಲಿಲ್ಲ.

"ನೀವಾದ್ರೂ ಹೇಳ್ರೀ ಅವರಿಗೆ!" ಅಂತ ಮಾವ ಚಪ್ಪಲಿ ರಾಶಿಯ ಹತ್ತಿರ ಓಡಿಬಂದರು.

ಇಷ್ಟು ವರ್ಷ ಕಾದಿದ್ದ ಗಳಿಗೆ! "ನನ್ನ ಚೌಕದಲ್ಲಿ ಚಪ್ಪಲಿ ಮಾತ್ರ ಇರೋದು ಮಾವ" ಅಂದೆ.

ನನ್ನ ಹೆಂಡತಿ ನನ್ನನ್ನು ನುಂಗುವ ಹಾಗೆ ನೋಡಿ, ಆರತಿ ತಟ್ಟೆಗೆ ಸೌಟಿನಲ್ಲಿ ಬಡಿಯತೊಡಗಿದಳು. ಹೆಂಗಸರೆಲ್ಲ ಸಿಕ್ಕಿದ್ದನ್ನು ಬಡಿದರು. ನಾಚಿಕೆಯಾಗಿ ಓಲಗದವರೂ ಊದಿದರು. ಹುಡುಗಿಯ ಕೊರಳಿಗೆ ತಾಳಿ ಬಿತ್ತು. ಸರಿಯಾಗಿ ಅದೇ ಕ್ಷಣಕ್ಕೆ ಷಡ್ಡಕ ಪ್ರೊಫೆಸರ್ ಜೊತೆ ಚಪ್ಪರದೊಳಗೆ ಕಾಲಿಟ್ಟ.

"ಭೇಷ್! ನಾವು ಬರೋದಕ್ಕೂ ಗಟ್ಟಿಮೇಳಕ್ಕೂ ಎಷ್ಟು ಸರಿಯಾಗಿ ಹೊಂದಿಸಿದೀರಪ್ಪಾ!" ಅಂತ ಪ್ರೊಫೆಸರ್ ಎಲ್ಲರೆದುರಿಗೆ ಅವನ ಬೆನ್ನು ತಟ್ಟಿದರು. ನಾನು ಅವರ ಚಪ್ಪಲಿಯನ್ನು ಎತ್ತಿ ಪಕ್ಕಕ್ಕಿಟ್ಟೆ.

ದೀಪಾವಳಿ ಬಂತು. ಪ್ರೊಫೆಸರ್ ಹೊಗಳಿದರೇನು, ಗಟ್ಟಿಮೇಳದ ಎಡವಟ್ಟಿಗೆ ಮಾವ ಇನ್ನೂ ಅವನೊಡನೆ ಸರಿಯಾಗಿ ಮಾತಾಡುತ್ತಿಲ್ಲ, ಈ ಸಲ ಕುರ್ಚಿ ನನ್ನದೇ ಅಂತ ಎಣ್ಣೆನೀರು ಹಾಕಿಕೊಂಡು ಬೇಗನೇ ಹೊರಟೆ. ಗೇಟಿನ ಹತ್ತಿರ ಷಡ್ಡಕನೂ ದಾಪುಗಾಲು ಹಾಕುತ್ತಾ ಬರುತ್ತಿದ್ದ. ಒಬ್ಬರನ್ನೊಬ್ಬರು ಒತ್ತರಿಸಿಕೊಂಡೇ ಒಳಗೆ ನುಗ್ಗಿದೆವು.

ಕುರ್ಚಿಯಲ್ಲಿ ಮೂರನೆಯ ಅಳಿಯ. ಕಾಲು ಚಾಚಿ, ಕಣ್ಣು ಮುಚ್ಚಿ, ಹೊಸ ಪಂಚೆಯಲ್ಲಿ.

"ಶ್! ಮೊದಲ ಹಬ್ಬ, ಹೊಸ ಅಳಿಯಂದಿರು" ಅಂದರು ಮಾವ. "ಅವರು ಕೂತಿರ್ಲಿ. ನೀವಿಬ್ಬರೂ ಹೇಗಿದ್ರೂ ಮನೆಯವರೇ ಅಲ್ವೆ?"

ಮನೆಯವರಿಬ್ಬರೂ ಚಾಪೆಯ ಮೇಲೆ ಕೂತೆವು. ಷಡ್ಡಕ ನನ್ನ ಕಿವಿಯ ಹತ್ತಿರ ಬಗ್ಗಿ, "ಭಾವ, ಇವರು ಏನು ಓದಿದಾರೆ?" ಅಂದ.

"ಇಂಟರ್. ಅದೂ ಪೂರ್ತಿ ಅಲ್ಲ."

ಅವನ ಮುಖ ನೋಡಬೇಕಿತ್ತು. ನಾನು ಅಷ್ಟು ವರ್ಷ ಕನ್ನಡಿಯಲ್ಲಿ ನೋಡಿದ್ದ ಮುಖವೇ ಅದು. ಅವನ ಮೇಲೆ ಮೊದಲ ಸಲ ನನಗೆ ಪ್ರೀತಿ ಉಕ್ಕಿ ಬಂತು. ಚಾಪೆಯಲ್ಲಿ ಸ್ವಲ್ಪ ಸರಿದು ಜಾಗ ಕೊಟ್ಟು, "ಬಾಪ್ಪಾ, ಹತ್ತಿರ ಬಾ. ಇನ್ನು ಮೇಲೆ ನಮ್ಮಿಬ್ಬರದೂ ಒಂದೇ ವಿಶೇಷ ವಿಷಯ" ಅಂದೆ.