ಹೆರ್ ಮ್ಯೂಲರ್ ಅವರ ಸಂಕಷ್ಟಿ

ರೋಗಿಯಾಗುವುದು ಅಂಥ ಕಷ್ಟದ ಕೆಲಸವೇನಲ್ಲ ಎಂದೇ ನಾನು ನಂಬಿದ್ದೆ. ಮಲಗಬೇಕು, ನರಳಬೇಕು, ಕೇಳಿದ್ದಕ್ಕೆ ಉತ್ತರ ಹೇಳಬೇಕು. ಮೊದಲೆರಡನ್ನು ನಾನು ಪ್ರತಿ ಭಾನುವಾರ ಯಾವ ತರಬೇತಿಯೂ ಇಲ್ಲದೆ ಮಾಡುತ್ತೇನೆ. ಮೂರನೆಯದನ್ನಂತೂ ಯಾರೂ ಕೇಳದೆಯೇ ಮಾಡುತ್ತೇನೆ!

ನನ್ನ ಹೆಂಡತಿ ಸುಮಾ ಮೈಸೂರಿನ ಆಸ್ಪತ್ರೆಯೊಂದರ ಐಸಿಯುನಲ್ಲಿ ವರ್ಷಗಟ್ಟಲೆ ನರ್ಸ್ ಆಗಿದ್ದವಳು. ನನ್ನ ಕೆಲಸದ ದೆಸೆಯಿಂದ ನಾವು ಜರ್ಮನಿಯ ಅಬ್‌ಸ್ಟಾಟ್‌ಗೆ ಬಂದೆವು. ಇಲ್ಲಿಯ ಸರ್ಕಾರಿ ಕಚೇರಿಯವರು ಅವಳ ಸರ್ಟಿಫಿಕೇಟುಗಳನ್ನೆಲ್ಲ ನೋಡಿ, ಬಹಳ ಚೆನ್ನಾಗಿದೆ, ಆದರೆ ನಮ್ಮ ಪರೀಕ್ಷೆ ಪಾಸಾದರೆ ಮಾತ್ರ ಮಾನ್ಯತೆ ಎಂದರು. ಆ ಮಾನ್ಯತೆಗೆ ಆನೆರ್ಕೆನ್ನುಂಗ್ ಎಂದು ಹೆಸರು. ಹೆಸರು ಹೇಳುವಷ್ಟರಲ್ಲೇ ಅರ್ಧ ಆಯಸ್ಸು ಮುಗಿಯುತ್ತದೆ. ಅದು ಸಿಗುವ ತನಕ ಅವಳು ಸಹಾಯಕಿ ಮಾತ್ರ. ವೆಂಟಿಲೇಟರ್ ನೋಡಿಕೊಳ್ಳುತ್ತಿದ್ದ ಕೈ ಇಲ್ಲಿ ಊಟದ ಟ್ರೇ ಹಂಚುತ್ತಿತ್ತು. ಅವಳು ಒಂದು ದಿನವೂ ಗೊಣಗಲಿಲ್ಲ. ಆದರೆ ಸಂಜೆ ಬಾಗಿಲಲ್ಲಿ ಕೂತು ಶೂ ಬಿಚ್ಚುವಾಗ ಅವಳ ಮುಖ ನೋಡಿ ನಾನು ಕಾಫಿಗೆ ನೀರಿಡಲು ಓಡುತ್ತಿದ್ದೆ.

ನಿಜವಾದ ಪರೀಕ್ಷೆಗೆ ಮೊದಲು ಅವಳು ಅದಕ್ಕೆಂದೇ ಸೇರಿದ್ದ ತರಬೇತಿ ಶಾಲೆಯವರೇ ಒಂದು ಪರೀಕ್ಷೆ ಇಟ್ಟಿದ್ದರು. ತುರ್ತು ರೋಗಿಯೊಬ್ಬ ಬರುತ್ತಾನೆ, ಅವನನ್ನು ಪರೀಕ್ಷಕರ ಎದುರಿಗೆ ಸಂಭಾಳಿಸಬೇಕು. ಇದರಲ್ಲಿ ಪಾಸಾದವರ ಹೆಸರನ್ನಷ್ಟೇ ಮುಂದಕ್ಕೆ ಕಳಿಸುತ್ತಾರೆ. ಉಳಿದವರು ಮುಂದಿನ ತಂಡದ ತನಕ ಟ್ರೇ ಹಂಚುತ್ತಿರಬೇಕು. ರೋಗಿಯ ಪಾತ್ರಕ್ಕೆ ಜನ ಸಾಲದ್ದರಿಂದ, ಪ್ರತಿಯೊಬ್ಬರೂ ಒಬ್ಬ ಆರೋಗ್ಯವಂತನನ್ನು ಕರೆತರಬೇಕು ಎಂದು ಶಾಲೆಯವರು ಹೇಳಿದ್ದರು.

"ನಾನಿಲ್ವಾ?" ಎಂದೆ.

ಸುಮಾ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಕೆಳಗಡೆ ಮನೆ ಅಜ್ಜೀನ ಕೇಳೋಣ ಅಂತಿದ್ದೆ ಕಣ್ರೀ."

"ಆಕೆಗೆ ಎಂಬತ್ತು ದಾಟಿದೆ ಮಾರಾಯ್ತಿ! ಆರೋಗ್ಯವಂತ ಬೇಕು ಅಂದಿದಾರೆ."

"ಅದಕ್ಕೇ ಆಕೇನ ಕೇಳೋಣ ಅಂದ್ಕೊಂಡಿದ್ದು" ಎಂದಳು.

ಈ ಅವಮಾನವನ್ನು ನಾನು ನುಂಗಿಕೊಂಡೆ. ಪಾತ್ರ ನನಗೇ ಸಿಕ್ಕಿತು. ನಾನು ಹೆರ್ ಮ್ಯೂಲರ್, ಅಂದರೆ ಶ್ರೀಮಾನ್ ಮ್ಯೂಲರ್, ನಿವೃತ್ತ ಬಸ್ ಚಾಲಕ. ಎದೆನೋವು ಇದ್ದಕ್ಕಿದ್ದಂತೆ ಬಂದಿದೆ, ಎಡಗೈಗೆ ಹರಡುತ್ತಿದೆ. ಜರ್ಮನ್‌ನಲ್ಲಿ ಇಷ್ಟನ್ನು ಹೇಳಿ ನರಳಿದರೆ ಮುಗಿಯಿತು.

ಆದರೆ ಕೈಗೆತ್ತಿಕೊಂಡ ಕೆಲಸವನ್ನು ಅರ್ಧಂಬರ್ಧ ಮಾಡುವ ಜಾಯಮಾನ ನನ್ನದಲ್ಲ. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಬಾಲ್ಕನಿಯಲ್ಲಿ ಅಭ್ಯಾಸಕ್ಕೆ ನಿಂತೆ. ಎದೆ ಹಿಡಿದುಕೊಂಡೆ, ಕೂಗಿದೆ, ಕುಸಿದೆ, ಎದ್ದು ಮತ್ತೆ ಕುಸಿದೆ. ನನ್ನ ಮಗಳು ಅನಘ ಪರದೆ ಎಳೆದು, "ಅಪ್ಪಾ, ದಸ್ ಇಸ್ಟ್ ಸೋ ಪೈನ್ಲಿಶ್!" ಎಂದಳು. ಮರ್ಯಾದೆ ಹೋಗುವಂಥ ಕೆಲಸಕ್ಕೆ ಇಲ್ಲಿಯ ಮಕ್ಕಳು ಹೀಗೆನ್ನುತ್ತಾರೆ. ಅಷ್ಟರಲ್ಲಿ ಬೆಲ್ಲಾಯಿತು. ಕೆಳಗಿನ ಮನೆಯ ಅಜ್ಜಿ! ನನ್ನ ಜೀವಕ್ಕೇನಾಯಿತೋ ಎಂದು ಓಡಿಬಂದಿದ್ದಾರೆ ಅಂದುಕೊಂಡು ನನಗೆ ಕಣ್ಣು ತುಂಬಿತು. ಅಜ್ಜಿ ಗಡಿಯಾರ ತೋರಿಸಿ, "ಇವತ್ತು ಭಾನುವಾರ, ವಿಶ್ರಾಂತಿಯ ಹೊತ್ತು. ಸಾಯುವುದಿದ್ದರೆ ದಯವಿಟ್ಟು ಕಿಟಕಿ ಹಾಕಿಕೊಳ್ಳಿ" ಎಂದು ಹೇಳಿ ಇಳಿದುಹೋದರು.

ಇಷ್ಟಕ್ಕೇ ನಿಂತಿದ್ದರೆ ಏನೂ ಆಗುತ್ತಿರಲಿಲ್ಲ. ಪರೀಕ್ಷೆ ಹತ್ತಿರ ಬಂದಾಗ ಮೈಸೂರಿನಿಂದ ಅಮ್ಮ ಫೋನ್ ಮಾಡಿದಳು.

"ನಾಳೆ ಸಂಕಷ್ಟಿ ಕಣೋ. ನಾಡಿದ್ದು ಸುಮಾದು ಪರೀಕ್ಷೆ ಅಂತೀಯ. ಗಣಪ್ಪನ್ನ ನೆನೆಸ್ಕೊಂಡು ಒಂದು ಉಪವಾಸ ಮಾಡ್ಬಿಡು. ಇರೋ ಬರೋ ವಿಘ್ನ ಎಲ್ಲಾ ಹೋಗತ್ತೆ."

ಆಗಲಿ ಎಂದೆ. ಸಂಕಷ್ಟಿಯ ದಿನ ರಾತ್ರಿ ಚಂದ್ರನನ್ನು ನೋಡಿದ ಮೇಲೆ ಊಟ, ಇಷ್ಟೇ ನಿಯಮ. ಹಾಲು ಹಣ್ಣು ತೆಗೆದುಕೊಳ್ಳಬಹುದು. ಆದರೆ ಹೆಂಡತಿಯ ಭವಿಷ್ಯದ ಪ್ರಶ್ನೆ, ಬಾಳೆಹಣ್ಣು ತಿಂದು ಗಣಪತಿಗೆ ಯಾಕೆ ಅನುಮಾನ ಹುಟ್ಟಿಸಬೇಕು? ನೀರೂ ಬೇಡ ಎಂದು ತೀರ್ಮಾನಿಸಿದೆ. ಸುಮಾಗೆ ಹೇಳಲಿಲ್ಲ. ಹೇಳಿದ್ದರೆ ಸಂಕಷ್ಟಿಯೂ ಇರುತ್ತಿರಲಿಲ್ಲ, ಈ ಬರಹವೂ ಇರುತ್ತಿರಲಿಲ್ಲ.

ಆ ರಾತ್ರಿ ಮೋಡವೋ ಮೋಡ! ಚಂದ್ರನ ಸುಳಿವೇ ಇಲ್ಲ. ಆ ದಿಕ್ಕಿಗೆ ಕೈ ಮುಗಿದು ಉಂಡುಬಿಡುವುದು ನಮ್ಮ ಕಡೆ ಎಲ್ಲರೂ ಮಾಡುವ ಕೆಲಸ. ಆದರೆ ನಾನು ಹೊಟ್ಟೆ ಹೊರೆಯುವುದು ಕಾರಿನ ಬ್ರೇಕುಗಳನ್ನು ಪರೀಕ್ಷಿಸಿ. ಕಣ್ಣಾರೆ ನೋಡದೆ ಯಾವುದಕ್ಕೂ ಸಹಿ ಹಾಕಬಾರದು ಎನ್ನುವುದು ನಮ್ಮ ವೃತ್ತಿಧರ್ಮ. ಬ್ರೇಕಿಗೊಂದು ನ್ಯಾಯ, ಚಂದ್ರನಿಗೊಂದು ನ್ಯಾಯವೇ? ಅಮ್ಮನನ್ನು ಕೇಳೋಣವೆಂದರೆ ಅಲ್ಲಿ ಅವಳಿಗೆ ನಿದ್ದೆಯ ಹೊತ್ತು. ಚಂದ್ರ ಕಾಣಲಿಲ್ಲ, ವ್ರತ ಮುಗಿಯಲಿಲ್ಲ, ನಾನು ಮಲಗಿದೆ. ಬೆಳಗ್ಗೆ ಸುಮಾ ಬ್ರೆಡ್ ಕೊಡಲು ಬಂದಾಗ, "ಆಮೇಲೆ ತಿಂತೀನಿ" ಎಂದೆ. ಅವಳು ಪಾಠ ಗುನುಗುತ್ತಿದ್ದಳು, ಒತ್ತಾಯ ಮಾಡಲಿಲ್ಲ.

ಶಾಲೆಯಲ್ಲಿ ನನಗೆ ಹಿಂದೆ ತೆರೆದಿರುವ ಆಸ್ಪತ್ರೆ ಅಂಗಿ ಹಾಕಿಸಿ, ಮಂಚದ ಮೇಲೆ ಮಲಗಿಸಿ, ಎದೆಗೆ ವೈರುಗಳನ್ನು ಅಂಟಿಸಿದರು. ಪಕ್ಕದಲ್ಲಿ ದೊಡ್ಡ ಮಾನಿಟರ್. ಪರೀಕ್ಷಕಿ ಫ್ರೌ ಕ್ಲೈನ್, ಅಂದರೆ ಶ್ರೀಮತಿ ಕ್ಲೈನ್, ಮೂಲೆಯಲ್ಲಿ ಟ್ಯಾಬ್ಲೆಟ್ ಹಿಡಿದು ಕೂತಿದ್ದರು. ಸುಮಾ ಒಳಗೆ ಬಂದಳು. ಇಸ್ತ್ರಿ ಮಾಡಿದ ಸಮವಸ್ತ್ರ, ಎಳೆದು ಕಟ್ಟಿದ ಕೂದಲು. ನನ್ನನ್ನು ಹುಟ್ಟಿದಾಗಿನಿಂದ ನೋಡೇ ಇಲ್ಲವೆಂಬಂತೆ, "ನಮಸ್ಕಾರ ಹೆರ್ ಮ್ಯೂಲರ್, ನಾನು ನಿಮ್ಮ ನರ್ಸ್. ಏನು ತೊಂದರೆ?" ಎಂದಳು.

ಮ್ಯೂಲರ್ ಯಾರೆಂದು ನಾನು ಆಚೀಚೆ ನೋಡಿದೆ. ಆಮೇಲೆ ನಾನೇ ಎಂದು ನೆನಪಾಯಿತು.

ಎದೆನೋವು ಎಂದೆ. ಯಾವಾಗಿನಿಂದ ಎಂದಳು. ನಾನು ಬಾಯಿಪಾಠ ಮಾಡಿದ್ದು ಅಲ್ಲಿಯ ತನಕ ನೆನಪಿತ್ತು. ಅಲ್ಲಿಂದ ಮುಂದೆ ಎಲ್ಲ ಕಲಸುಮೇಲೋಗರ! ಕೈ ನಡುಗತೊಡಗಿತು. ಹಣೆಯಲ್ಲಿ ಬೆವರು. ಇದು ಮ್ಯೂಲರ್‌ಗೆ ಆಗುತ್ತಿದೆಯೋ ನನಗೆ ಆಗುತ್ತಿದೆಯೋ ತಿಳಿಯಲಿಲ್ಲ. ನೋವು ಎಡಗೈಗೆ ಹರಡಬೇಕಿತ್ತು, ನಾನು ಬಲಗೈ ಎತ್ತಿದೆ. ತಪ್ಪಾಯಿತೆಂದು ಎಡಗೈಯನ್ನೂ ಎತ್ತಿದೆ. ಶರಣಾದ ಕಳ್ಳನ ಹಾಗೆ ಮಲಗಿಕೊಂಡು ಮಾನಿಟರ್ ಕಡೆ ನೋಡಿದೆ.

ನೋಡಬಾರದಿತ್ತು. ಗೆರೆ ಹುಚ್ಚಾಪಟ್ಟೆ ಕುಣಿಯುತ್ತಿತ್ತು. ಕೆಂಪು ದೀಪ ಮಿನುಗುತ್ತಿತ್ತು, ಯಂತ್ರ ಬಡಿದುಕೊಳ್ಳುತ್ತಿತ್ತು. ಆ ವೈರುಗಳು ಬರೀ ತೋರಿಕೆಗೆ, ಗೆರೆ ಕುಣಿಸುತ್ತಿರುವುದು ಮೂಲೆಯಲ್ಲಿ ಕೂತ ಫ್ರೌ ಕ್ಲೈನ್ ಎಂದು ನನಗೆ ಯಾರೂ ಹೇಳಿರಲಿಲ್ಲ. ಯಂತ್ರ ತೋರಿಸಿದ್ದನ್ನು ನಂಬಿಯೇ ಸಂಬಳ ತೆಗೆದುಕೊಳ್ಳುವವನು ನಾನು. ಯಂತ್ರ ನಾನು ಸಾಯುತ್ತಿದ್ದೇನೆ ಎಂದಿತು. ನಾನು ಒಪ್ಪಿಕೊಂಡೆ!

"ಸುಮಾ! ನಿಜವಾಗ್ಲೂ ಆಗ್ತಿದೆ ಕಣೇ! ಅನಘಾನ ಚೆನ್ನಾಗಿ ಓದಿಸು!" ಎಂದು ಅಚ್ಚ ಕನ್ನಡದಲ್ಲಿ ಕೂಗಿಕೊಂಡೆ.

ಫ್ರೌ ಕ್ಲೈನ್ ಟ್ಯಾಬ್ಲೆಟ್‌ನಿಂದ ಕಣ್ಣೆತ್ತಿ, "ತುಂಬಾ ನೈಜವಾಗಿದೆ. ಆದರೆ ಹೆರ್ ಮ್ಯೂಲರ್, ದಯವಿಟ್ಟು ಜರ್ಮನ್‌ನಲ್ಲಿ" ಎಂದರು.

ಜರ್ಮನ್‌ನಲ್ಲಿ ಸಾಯುವಷ್ಟು ವ್ಯಾಕರಣ ನನಗೆ ಬರುವುದಿಲ್ಲ. ಕಣ್ಣು ಕತ್ತಲೆಗಟ್ಟಿತು. ಅಷ್ಟೇ ನನಗೆ ನೆನಪಿರುವುದು.

ಎಚ್ಚರವಾದಾಗ ನನ್ನ ಕಾಲು ದಿಂಬುಗಳ ಮೇಲಿತ್ತು. ಸುಮಾ ಮಾನಿಟರಿಗೆ ಬೆನ್ನು ತಿರುಗಿಸಿ ನನ್ನ ಮಣಿಕಟ್ಟು ಹಿಡಿದಿದ್ದಳು. "ಪರೀಕ್ಷೆ ನಿಲ್ಲಿಸಿ. ಇದು ಪಾತ್ರ ಅಲ್ಲ, ರೋಗಿ ನಿಜ" ಎಂದು ಸ್ಪಷ್ಟ ಜರ್ಮನ್‌ನಲ್ಲಿ ಹೇಳಿ ಬೆರಳಿಗೆ ಚುಚ್ಚಿ ಸಕ್ಕರೆ ನೋಡಿದಳು, ಬಿಪಿ ನೋಡಿದಳು. ಎರಡೂ ಇಳಿದಿದ್ದವು.

"ಬೆಳಗ್ಗೆ ಏನ್ ತಿಂದ್ರಿ?"

"ಏನಿಲ್ಲ."

"ನಿನ್ನೆ?"

"ಸಂಕಷ್ಟಿ."

"ನೀರು?"

ನಾನು ಸೂರು ನೋಡಿದೆ.

ಸಂಕಷ್ಟಿ ಎಂದರೆ ಯಾವ ಮಾತ್ರೆ ಎಂದು ಫ್ರೌ ಕ್ಲೈನ್ ಕೇಳಿದರು. ಚಂದ್ರ ಕಾಣುವ ತನಕ ಊಟ ಮಾಡದಿರುವುದು, ನಿನ್ನೆ ಮೋಡವಿತ್ತು ಎಂದು ಸುಮಾ ವಿವರಿಸಿದಳು. ಆ ಹೆಂಗಸು ಕಿಟಕಿಯ ಕಡೆ ಒಮ್ಮೆ ನೋಡಿದರು, ನನ್ನ ಕಡೆ ಒಮ್ಮೆ ನೋಡಿದರು, ಟ್ಯಾಬ್ಲೆಟ್‌ನಲ್ಲಿ ಏನೋ ಬರೆದು ಅಳಿಸಿದರು. ಅಷ್ಟರಲ್ಲಿ ಸುಮಾ ನನ್ನನ್ನು ನಿಧಾನವಾಗಿ ಎಬ್ಬಿಸಿ ಕೂರಿಸಿ, ಸೇಬಿನ ರಸದ ಲೋಟ ಬಾಯಿಗೆ ಹಿಡಿದಳು.

"ಚಂದ್ರ ಇನ್ನೂ ಕಂಡಿಲ್ಲ" ಎಂದೆ.

"ಕುಡೀರಿ. ಇಲ್ದಿದ್ರೆ ನಕ್ಷತ್ರಾನೂ ಸೇರ್ಸಿ ನಾನೇ ತೋರಿಸ್ತೀನಿ!"

ಕುಡಿದೆ. ಕುಡಿಯುತ್ತಿದ್ದ ಹಾಗೆ ತಲೆ ತಿಳಿಯಾಯಿತು, ನಾನು ಮಾಡಿದ್ದೇನೆಂದು ಅರ್ಥವಾಯಿತು. ಮ್ಯೂಲರ್‌ನ ಎದೆನೋವಿಗೆ ಯಾರೂ ಚಿಕಿತ್ಸೆ ಮಾಡಲೇ ಇಲ್ಲ. ಪರೀಕ್ಷೆ ಅರ್ಧಕ್ಕೆ ನಿಂತಿತ್ತು. ವಿಘ್ನ ಕಳೆಯಲು ಹೊರಟವನು ನಾನೇ ದೊಡ್ಡ ವಿಘ್ನವಾಗಿ ಮಂಚದ ಮೇಲೆ ಕೂತಿದ್ದೆ. ನನಗೆ ಅಳು ಬಂತು.

"ಸಾರಿ ಕಣೇ. ನಿನ್ನ ಪರೀಕ್ಷೆ ಹಾಳು ಮಾಡ್ಬಿಟ್ಟೆ."

"ಪರೀಕ್ಷೆ ಮನೆ ಹಾಳಾಗ್ಲಿ. ಇನ್ನೊಂದ್ಸಲ ಹಿಂಗ್ ಹೆದರಿಸಿದ್ರೆ ನೋಡಿ" ಎಂದು ಅವಳು ಅಂಗಿಯ ತೋಳಿನಲ್ಲಿ ಮೂಗು ಒರೆಸಿಕೊಂಡಳು.

ಫ್ರೌ ಕ್ಲೈನ್ ಹೊರಗೆ ಹೋಗಿ ಇನ್ನೊಬ್ಬ ಪರೀಕ್ಷಕರೊಂದಿಗೆ ಬಹಳ ಹೊತ್ತು ಮಾತಾಡಿ ಬಂದರು. ನಾನು ಅಂಗಿಯ ಹಿಂಭಾಗ ಮುಚ್ಚಿಕೊಂಡು ಕಾದೆ. "ಈ ಯಂತ್ರ ಹೃದಯಾಘಾತ ಎನ್ನುತ್ತಿತ್ತು" ಎಂದು ಅವರು ಸುಮಾಗೆ ಹೇಳಿದರು. "ನೀವು ಯಂತ್ರ ಬಿಟ್ಟು ರೋಗಿಯನ್ನು ನೋಡಿದಿರಿ. ನಾವು ಕಲಿಸಬೇಕಾಗಿದ್ದದ್ದು ಇಷ್ಟೇ. ನಿಮ್ಮ ಹೆಸರನ್ನು ಮುಂದಕ್ಕೆ ಕಳಿಸುತ್ತೇವೆ."

ಸುಮಾ ಮುಖ ಮುಚ್ಚಿಕೊಂಡಳು. ನಾನು ಗಣಪತಿಗೆ ಮನಸ್ಸಿನಲ್ಲೇ ಕೈ ಮುಗಿದು, ಇದರಲ್ಲಿ ನನ್ನ ಉಪವಾಸದ ಪಾಲೆಷ್ಟು ಎಂದು ಲೆಕ್ಕ ಹಾಕತೊಡಗಿದೆ.

"ಒಂದು ಪ್ರಶ್ನೆ ಮಾತ್ರ ಉಳಿದಿದೆ" ಎಂದರು ಫ್ರೌ ಕ್ಲೈನ್. "ಬೆವರು, ನಡುಕ, ನರಳಾಟ ಎಲ್ಲವೂ ಹೃದಯಾಘಾತದಲ್ಲೂ ಇರುತ್ತದೆ. ನಾನೂ ನಟನೆ ಎಂದೇ ತಿಳಿದಿದ್ದೆ. ಇದು ನಿಜ ಎಂದು ನಿಮಗೆ ಯಾವ ಲಕ್ಷಣದಿಂದ ಗೊತ್ತಾಯಿತು?"

ಸುಮಾ ಕಣ್ಣೊರೆಸಿಕೊಂಡು, ಪರೀಕ್ಷೆಯಲ್ಲಿ ಉತ್ತರ ಹೇಳುವ ಗಂಭೀರ ದನಿಯಲ್ಲೇ ಹೇಳಿದಳು: "ಅವರು ಮಾತು ನಿಲ್ಲಿಸಿದರು, ಮೇಡಂ. ಮದುವೆಯಾದ ಮೇಲೆ ಇದೇ ಮೊದಲು."

ಇದು ಶುದ್ಧ ಸುಳ್ಳು! ನಾನು ಎಷ್ಟೋ ಸಲ ಸುಮ್ಮನಿದ್ದೇನೆ, ಅದಕ್ಕೆ ಆಧಾರಗಳಿವೆ, ಉದಾಹರಣೆಗಳಿವೆ. ಲೋಟ ಕೆಳಗಿಟ್ಟು, ಗಂಟಲು ಸರಿಮಾಡಿಕೊಂಡು, ಒಂದೊಂದಾಗಿ ಹೇಳಲು ಶುರುಮಾಡಿದೆ.

"ರೋಗಿ ಸಂಪೂರ್ಣ ಚೇತರಿಸಿಕೊಂಡಿದ್ದಾರೆ" ಎಂದು ಫ್ರೌ ಕ್ಲೈನ್ ಬರೆದುಕೊಂಡರು.