ಹಗ್ಗದ ಮಾತು

ಅಕ್ಕಿಹೆಬ್ಬಾಳಿನ ದನದ ದಲ್ಲಾಳಿ ಚಲುವರಾಜು ಒಮ್ಮೆ ಬೂಕನಕೆರೆ ಸಂತೆಯಲ್ಲಿ ಮೂರು ಕಾಲಿನ ಎತ್ತನ್ನು ಮಂಡಿಯುದ್ದ ಹುಲ್ಲಿನಲ್ಲಿ ನಿಲ್ಲಿಸಿ, ನಾಲ್ಕು ಕಾಲಿನದೆಂದು ಮಾರಿಬಿಟ್ಟಿದ್ದ. ಕೊಂಡವನು ಮುಂದಿನ ವಾರ ಬಾಳೆಗೊನೆ ಹೊತ್ತು ಬಂದು, "ಅಣ್ಣ, ನಿನ್ನ ಕೈಗುಣ ಏನೇಳ್ಲಿ, ನಾಕ್ನೇದು ಬಂತು, ಈಗ ಐದ್ನೇದು ಚಿಗುರ್ತಾ ಅದೆ" ಎಂದು ಕಾಲಿಗೆ ಬಿದ್ದನಂತೆ.

ಹೀಗೆಂದು ಚಲುವರಾಜುವೇ ಹೇಳುತ್ತಿದ್ದ. ನಂಬದವರು ಅವನ ಮೀಸೆ ನೋಡಿ ನಂಬಬೇಕಿತ್ತು. ಅದರ ಒಂದು ತುದಿ ಪಾಂಡವಪುರದ ಕಡೆಗೂ ಇನ್ನೊಂದು ತುದಿ ನಾಗಮಂಗಲದ ಕಡೆಗೂ ತಿರುಗಿತ್ತು. ಮಧ್ಯದಲ್ಲಿ ಬಂದ ದನವೆಲ್ಲ ತನ್ನದೇ ಎಂಬಂತೆ. "ನಲವತ್ತು ವರ್ಷದಾಗೆ ಒಂದು ಅದಲು ಬದಲ್ನಾಗೂ ಮೋಸ ಓಗಿಲ್ಲ ಕಣ್ಲಾ" ಎನ್ನುವುದು ಅವನ ಬೆಳಗಿನ ಸುಪ್ರಭಾತ.

ಇಂಥ ಮನುಷ್ಯನನ್ನು ೧೯೯೯ರ ಡಿಸೆಂಬರಿನ ಒಂದು ದಿನ ಕೆಡವಿ ಹಾಕಿದ್ದು ಸತ್ತುಹೋದ ಸೆಲ್ಲುಗಳು.

ಸೆಲ್ಲುಗಳಿದ್ದದ್ದು ಅಂಗೈಯಗಲದ ಒಂದು ವಿಡಿಯೋ ಗೇಮಿನಲ್ಲಿ. ಗೇಮು ಚಲುವರಾಜುವಿನ ಅಕ್ಕ ದೊಡ್ಡತಾಯಮ್ಮನ ಮಗ ನಾಗರಾಜುವಿನದು. ಸಿಂಗಪುರದ ಹಡಗು ಕಟ್ಟುವ ಕಡೆ ವೆಲ್ಡಿಂಗ್ ಮಾಡುತ್ತಿದ್ದ ನಾಗರಾಜು ಸಂಕ್ರಾಂತಿಗೆ ರಜೆ ಹಾಕಿ ಬಂದಾಗ ಅದನ್ನು ತಂದಿದ್ದ. ಅದರೊಳಗೆ ವಿಚಿತ್ರ ಪ್ರಾಣಿಗಳು. ಹುಲ್ಲಿನಲ್ಲಿ ಅಲೆದು ಹಿಡಿಯಬೇಕು, ಸಾಕಬೇಕು, ಕಾದಾಡಿಸಬೇಕು. ಕಪ್ಪೆಯಷ್ಟೇ ಇದ್ದು ಕತ್ತೆಯಷ್ಟು ಕಿವಿ ಇದ್ದ ಒಂದನ್ನು ಅವನು ಸಾಕಿ, ಪುಟ್ಟಿ ಎಂದು ಹೆಸರಿಟ್ಟಿದ್ದ. ಒಂದು ಗುಂಡಿ ಒತ್ತಿದರೆ ಅದು "ಕುಯ್" ಎನ್ನುತ್ತಿತ್ತು.

ಮೇ ತಿಂಗಳಲ್ಲಿ ನಾಗರಾಜು ಹಡಗಿನ ಸಾರುವೆಯಿಂದ ಬಿದ್ದ. ಮೊದಲು ಮರದ ಪೆಟ್ಟಿಗೆಯಲ್ಲಿ ಅವನು ಬಂದ. ತಿಂಗಳ ಮೇಲೆ ಅವನ ಟ್ರಂಕು ಬಂತು. ಟ್ರಂಕಿನಲ್ಲಿ ನಾಲ್ಕು ಅಂಗಿ, ಒಂದು ಅಲಾರಾಂ ಗಡಿಯಾರ, ಈ ಗೇಮು.

ದೊಡ್ಡತಾಯಮ್ಮನ ಕಣ್ಣಿಗೆ ಪೊರೆ ಬಂದು ವರ್ಷವಾಗಿತ್ತು. ಪ್ರತಿ ಸಂಜೆ ಸೊಸೆ ಪ್ರಮೀಳಾ ಗೇಮು ಹಚ್ಚಿ ಅತ್ತೆಯ ಕಿವಿಯ ಹತ್ತಿರ ಹಿಡಿಯುವಳು. ಪುಟ್ಟಿ ಕುಯ್ ಎನ್ನುವುದು. "ನನ್ ಮಗ ಸಾಕಿದ್ದು, ಇನ್ನೂ ಉಸಿರಾಡ್ತಾ ಅದೆ" ಎಂದು ಮುದುಕಿ ಮುದ್ದೆಗೆ ಕೈ ಹಾಕುವಳು. ಹಿಂದಿನ ಸಂಜೆ ಸೆಲ್ಲು ಮುಗಿದು ಕೂಗು ಬರಲಿಲ್ಲ. ಮುದುಕಿ ತಟ್ಟೆ ಸರಿಸಿ ಮಲಗಿಬಿಟ್ಟಿದ್ದಳು.

"ಮಾವ, ಕೆ.ಆರ್. ಪೇಟೆಗೆ ಓಯ್ತಿದ್ದೀರಲ್ಲ, ಸೆಲ್ಲು ತನ್ನಿ," ಎಂದಳು ಪ್ರಮೀಳಾ ಬೆಳಿಗ್ಗೆ. "ಅತ್ತೆ ರಾತ್ರಿಯಿಂದ ನೀರೂ ಮುಟ್ಟಿಲ್ಲ. ಒತ್ತು ಮುಳುಗೋದ್ರೊಳಗೆ ಬಂದ್ಬುಡಿ."

"ಗೇಮೂ ಕೊಡವ್ವ. ಸೆಲ್ಲು ಒಂದ್ತದೋ ಇಲ್ವೋ ಆಕಿ ನೋಡ್ಬೇಡ್ವಾ?"

"ಪುಟ್ಟೀನ ಮಾತ್ರ ಮುಟ್ಬೇಡಿ."

"ನಾನ್ಯಾಕೆ ಮುಟ್ಲಿ? ಆನೆ ಪಳಗಿಸ್ದೋನು ಕಪ್ಪೆ ಮುಟ್ತೀನಾ?"

ಕೆ.ಆರ್. ಪೇಟೆ ಬಸ್ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಕುಳಿತು ಚಲುವರಾಜು ಹೊಸ ಸೆಲ್ಲು ಹಾಕಿದ. ಗೇಮು ಹೊತ್ತಿಕೊಂಡಿತು. ಅಲ್ಲಿಗೇ ಆರಿಸಿದ್ದರೆ ಈ ಕತೆಯೂ ಅಲ್ಲಿಗೇ ಆರುತ್ತಿತ್ತು. ಆದರೆ ಪರದೆಯೊಳಗೆ ಒಂದು ಮನೆ, ಮನೆಯೊಳಗೆ ಒಬ್ಬ ಮನುಷ್ಯ ನಿಂತಿದ್ದ. ಅವನನ್ನು ಕಂಡೊಡನೆ ಚಲುವರಾಜುವಿಗೆ ರಜೆಯಲ್ಲಿ ನಾಗರಾಜು ಹೇಳಿದ್ದ ಮಾತು ನೆನಪಾಯಿತು: "ಆ ಮನೇಲಿ ನಿಂತವ್ನಲ್ಲ ಮಾವ, ಅವ್ನು ಪ್ರಾಣಿಗೆ ಪ್ರಾಣಿ ಬದ್ಲು ಮಾಡ್ತಾನೆ. ಅವನ್ತಾವ ಇರೋದು ಬೇರೆಲ್ಲೂ ಸಿಕ್ಕಲ್ಲ. ಬದ್ಲಾಗಿ ಬಂದಿದ್ದು ಬೇಗ ಬೆಳೀತದೆ."

ಅದು ಚಲುವರಾಜುವಿಗೆ ಯಾರೂ ಹೇಳಿಕೊಡಬೇಕಾದ ವಿದ್ಯೆಯಲ್ಲ. ನಾಗಮಂಗಲದ ಒಣ ಹುಲ್ಲು ತಿಂದ ಕರುವನ್ನು ಪಾಲಹಳ್ಳಿಯ ನಾಲೆ ಬಯಲಿಗೆ ತಂದು ಕಟ್ಟಿದರೆ ಮೂರೇ ತಿಂಗಳಲ್ಲಿ ಆನೆಯಾಗುತ್ತದೆ. ಅವನು ಆ ಮನುಷ್ಯನ ಮುಂದೆ ನಿಂತು ಗುಂಡಿ ಒತ್ತಿದ. ಪರದೆ ತೋರಿಸಿದ ಚಿತ್ರದಲ್ಲಿ ಆ ಮನುಷ್ಯ ಕೇಳಿದ್ದು ಪುಟ್ಟಿಯ ಜಾತಿಯದನ್ನೇ. ಕೊಡುತ್ತೇನೆಂದದ್ದು ಎರಡು ಕೋಡಿನ, ಗುಡ್ಡದಂಥ ಹಿಣಿಲಿನ, ಗೂಳಿಯಂಥ ಒಂದು ಪ್ರಾಣಿ.

ಚಲುವರಾಜು ಪುಟ್ಟಿಯನ್ನು ನೋಡಿದ. ಹೆಸರಿನ ಪಕ್ಕದ ವಯಸ್ಸಿನ ಅಂಕಿ ಹದಿನಾಲ್ಕು. ಜೀವದ ಗೆರೆ ಮಾತ್ರ ಕಡ್ಡಿಯ ತುದಿಯಷ್ಟು. ಪಕ್ಕದವರು ಕೆಮ್ಮಿದರೆ ಪ್ರಾಣ ಬಿಡುವಂತಿತ್ತು. ಇದಕ್ಕೆ ಬದಲು ಅದು. ಇಂಥ ವ್ಯಾಪಾರ ಬಿಟ್ಟವನು ದಲ್ಲಾಳಿಯಲ್ಲ, ದಾಸಯ್ಯ.

ಅವನಿಗೆ ಭಯವೂ ಇರಲಿಲ್ಲ. ಅವನ ಸಂತೆಯಲ್ಲಿ ಹಗ್ಗದ ಮಾತು ಎಂಬುದೊಂದಿತ್ತು. ದನ ಬದಲಾದರೂ ಹಳೆಯ ಯಜಮಾನನ ಹಗ್ಗ ಮೂರು ದಿನ ದನದ ಕೊರಳಲ್ಲೇ ಇರುತ್ತದೆ. ಉತ್ತು ನೋಡು, ಒಗ್ಗದಿದ್ದರೆ ವಾಪಸ್ಸು ಕಟ್ಟು, ಯಾರೂ ಮುನಿಸಿಕೊಳ್ಳುವಂತಿಲ್ಲ. ಹಗ್ಗ ಕೈ ಬದಲಾಗುವ ತನಕ ದನ ಕೈ ಬದಲಾದಂತಲ್ಲ. ಅಕ್ಕನಿಗೆ ಒಂದು ಸಲ ಗೂಳಿಯ ಕೂಗು ಕೇಳಿಸಿ, ಮೆಚ್ಚದಿದ್ದರೆ ಪುಟ್ಟಿಯನ್ನು ವಾಪಸ್ಸು ತಂದರಾಯಿತು ಎಂದುಕೊಂಡು ಅವನು ಒಪ್ಪಿಗೆಯ ಗುಂಡಿ ಒತ್ತಿದ. ಪರದೆಯ ಈ ತುದಿಯಿಂದ ಆ ತುದಿಗೆ ಕಪ್ಪಗೆ ಒಂದು ಹಗ್ಗ ಚಾಚಿಕೊಂಡಿತು. "ನೋಡ್ದಾ, ಹಗ್ಗನೂ ಅದೆ" ಎಂದು ಅವನು ಟೀ ಕುಡಿದ. ಹಗ್ಗದೊಳಗೇ ನುಗ್ಗಿ ಪುಟ್ಟಿ ಆಚೆಗೆ ಹೋಯಿತು, ಗೂಳಿ ಈಚೆಗೆ ಬಂತು. ಆಮೇಲೆ ಹಗ್ಗವೇ ಮಾಯವಾಯಿತು.

ಚಲುವರಾಜು ಟೀ ಲೋಟ ಕೆಳಗಿಟ್ಟ. ಅವನು ಮತ್ತೆ ಆ ಮನುಷ್ಯನ ಮುಂದೆ ಗುಂಡಿ ಒತ್ತಿದ. ಆ ಮನುಷ್ಯ ಏನೋ ಅಂದ. ಇನ್ನೊಮ್ಮೆ ಒತ್ತಿದ. ಅದನ್ನೇ ಅಂದ. ಲಕ್ಷದ ಹತ್ತು ಸಾವಿರ ಸಲ ಒತ್ತಿದರೂ ಅದೇ ಮಾತು.

ಪಕ್ಕದ ಬೆಂಚಿನಲ್ಲಿದ್ದ ಚೌಡಯ್ಯನೂ ದಲ್ಲಾಳಿಯೇ, ಹತ್ತನೇ ಕ್ಲಾಸಿನ ಇಂಗ್ಲಿಷನ್ನು ಎರಡು ಸಲ ಓದಿದವನು. ಕೇಳದೆ ಬಂದು ಬಗ್ಗಿ ಓದಿದ.

"'ನಿಂದು ನನ್ತಾವ ಸುಖವಾಗದೆ' ಅಂತಾವ್ನೆ ಕಣ್ಲಾ."

"ವಾಪಸ್ ಕೊಡು ಅಂತ ಏಳ್ಲಾ ಅವ್ನಿಗೆ."

"ಅವ್ನಿಗೆ ಕಿವಿ ಇದ್ದಂಗಿಲ್ಲ. ಬಾಯೊಂದೇ. ಇಂತೋನು ನಮ್ ಸಂತೇಲಿ ಒಬ್ನಿದ್ರೆ ನಾವೆಲ್ಲ ಕೂಲಿಗೆ ಓಗ್ಬೇಕಾಯ್ತದೆ." ಚೌಡಯ್ಯ ಮೀಸೆಯಡಿ ನಕ್ಕ. "ಏನ್ಲಾ ಚಲುವ, ನಲವತ್ತು ವರ್ಷದಾಗೆ ಮೊದಲ್ನೇದಾ?"

"ಬಾಯ್ ಮುಚ್ಚು. ಸತ್ತಿರೋ ಉಡುಗನ ಪ್ರಾಣಿ ಕಣ್ಲಾ ಅದು."

ಚೌಡಯ್ಯನ ನಗು ನಿಂತಿತು. ಎದ್ದು ಅವನನ್ನು ರೇಡಿಯೋ ರಿಪೇರಿಯ ಕುಳ್ಳಯ್ಯನ ಅಂಗಡಿಗೆ ಎಳೆದೊಯ್ದ. ಕುಳ್ಳಯ್ಯ ಆರೂವರೆ ಅಡಿ ಉದ್ದದವನು, ಅಂಗಡಿ ಕುಳ್ಳು. ನಡೆದದ್ದನ್ನು ಕೇಳಿಕೊಂಡು, ಬಗ್ಗಿಕೊಂಡೇ ಅವನು ಗೇಮನ್ನು ತಿರುಗಿಸಿ ಮುರುಗಿಸಿ ಕೇಳಿದ.

"ಬದ್ಲಾದ್ಮೇಲೆ ಇದನ್ನ ಆರ್ಸಿದ್ದೀಯಾ?"

"ಇಲ್ಲ."

"ಬದುಕ್ದೆ. ಬರೆದಿಡು ಅಂತ ಏಳೋ ತನಕ ಇದು ಏನೂ ನೆನಪಿಟ್ಕಳಲ್ಲ. ಆರ್ಸಿ ಅಚ್ಚಿದ್ರೆ ಬೆಳಿಗ್ಗೆ ಇದ್ದಂಗೇ ಬತ್ತದೆ."

ಚಲುವರಾಜುವಿನ ಮೀಸೆಗೆ ಜೀವ ಬಂತು. ಕುಳ್ಳಯ್ಯ ನಾಲ್ಕೈದು ಗುಂಡಿ ಒತ್ತಿ, ಆರಿಸಿ, ಹಚ್ಚಿದ. ಪರದೆ ಬೆಳಗಿತು. ಗೂಳಿ ನಿಂತಿತ್ತು.

"ಯಾಕ್ಲಾ ಬರ್ಲಿಲ್ಲ?"

ಕುಳ್ಳಯ್ಯ ತಲೆ ಕೆರೆದುಕೊಂಡ. "ಆರ್ಸೋಕೆ ಮುಂಚೆ ಇರ್ಲಿ ಅಂತ ಎಲ್ಲಾನೂ ಭದ್ರ ಮಾಡ್ಬುಟ್ಟೆ ಕಣಣ್ಣ."

"ಏನ್ನ ಭದ್ರ ಮಾಡ್ದೆ?"

"ಈಗಿದ್ದುದ್ನ. ಇಪ್ಪತ್ತು ವರ್ಷದ ಅಬ್ಯಾಸ. ಏನ್ ಬಿಚ್ಚೋಕೆ ಮುಂಚೇನೂ ಭದ್ರ ಮಾಡ್ಬುಡ್ತೀನಿ."

ಹೀಗೆ ನಾಗರಾಜು ಎರಡನೇ ಸಲ ಸತ್ತ. ಈ ಸಲ ಅವನ ಸೋದರಮಾವ ಅಲ್ಲೇ ನಿಂತು ನೋಡಿದ.

ಆದರೆ ಚಲುವರಾಜು ಕೋಡು ಹೆರೆದು, ಬಣ್ಣ ಬಳಿದು, ಮುದಿ ಎತ್ತನ್ನು ಹೋರಿ ಮಾಡಿದ ಕೈ. ಅದೇ ಜಾತಿಯ ಇನ್ನೊಂದನ್ನು ಹಿಡಿದು ಅದೇ ಹೆಸರಿಟ್ಟರೆ ಯಾರಿಗೆ ತಿಳಿಯುತ್ತದೆ? ಕೂಗು ಒಂದೇ, ಕಿವಿ ಒಂದೇ. ಅವನು ಅಕ್ಕಿಹೆಬ್ಬಾಳಿನ ಬಸ್ಸು ಹತ್ತಿ, ಪರದೆಯ ಹುಲ್ಲಿನಲ್ಲಿ ಅಲೆಯತೊಡಗಿದ. ಬಲೆಗಳು ಮೂರೇ ಉಳಿದಿದ್ದವು. ಕತ್ತೆ ಕಿವಿಯದು ಎದುರಾಯಿತು. ಎಸೆದ ಎರಡು ಬಲೆಯನ್ನೂ ಹರಿದುಕೊಂಡಿತು. ಸುಸ್ತು ಮಾಡಿಸೋಣವೆಂದು ಗೂಳಿಯನ್ನು ಬಿಟ್ಟ. ಗೂಳಿ ಅವನ ಮಾತು ಕೇಳದೆ ನಿದ್ದೆ ಹೋಯಿತು. ಎದ್ದು ಒಂದೇ ಏಟಿಗೆ ಕೊಂದುಹಾಕಿತು. ಮುಂದಿನದನ್ನೂ ಕೊಂದಿತು. ಅದರ ಮುಂದಿನದನ್ನೂ.

ಪಕ್ಕದ ಸೀಟಿನಲ್ಲಿ ಕೋಳಿ ಬುಟ್ಟಿ ಇಟ್ಟುಕೊಂಡು ಕೂತಿದ್ದ ಸಿದ್ದಲಿಂಗಮ್ಮನಿಗೆ ನೋಡಿ ನೋಡಿ ಸಾಕಾಯಿತು. "ಏನಪ್ಪಾ ನೀನು, ಇಡಿಯಕ್ಕೆ ಬಂದಿದ್ದೀಯೋ ತಿಥಿ ಮಾಡಕ್ಕೆ ಬಂದಿದ್ದೀಯೋ? ಆ ಗೂಳಿ ಒಳೀಕೆ ಕರ್ಕೊ. ಕೋಳಿ ಇಡಿಯಕ್ಕೆ ಯಾರಾದ್ರೂ ಟ್ರಾಕ್ಟರು ಬುಡ್ತಾರಾ?"

ಕೊನೆಯ ಬಲೆ. ಗೂಳಿಯನ್ನು ಒಳಗೆ ಕರೆದು, ಗೇಮಿನಲ್ಲಿ ಮೊದಲೇ ಇದ್ದ ಚಿಳ್ಳೆಪಿಳ್ಳೆ ಹುಳುವೊಂದನ್ನು ಬಿಟ್ಟು, ಎರಡು ಸಲ ಕಚ್ಚಿಸಿ ಎಸೆದ. ಬಲೆ ಅಲ್ಲಾಡಿತು, ಅಲ್ಲಾಡಿತು, ನಿಂತಿತು. ಬೆಳಿಗ್ಗೆ ಕಂಡ ಹೆಸರನ್ನು ನೆನೆದು, ಒಂದೊಂದೇ ಅಕ್ಷರ ಹುಡುಕಿ ಪುಟ್ಟಿ ಎಂದು ಬರೆದ. ಹಳೆಯದಕ್ಕಿಂತ ಇದೇ ಚೆನ್ನಾಗಿರಲಿ ಎಂದು ಗೇಮಿನೊಳಗಿನ ಆಸ್ಪತ್ರೆಗೂ ಹೋಗಿ ಜೀವದ ಗೆರೆ ತುಂಬಿಸಿದ. ಬಸ್ಸಿಳಿಯುವಾಗ ಮೀಸೆಯ ಎರಡು ತುದಿಯೂ ತಮ್ಮ ತಮ್ಮ ತಾಲ್ಲೂಕು ಸೇರಿದ್ದವು.

ಹೊತ್ತು ಮುಳುಗಿರಲಿಲ್ಲ. ದೊಡ್ಡತಾಯಮ್ಮ ಗೋಡೆಗೊರಗಿ ಕೂತಿದ್ದಳು. ಚಲುವರಾಜು ಗುಂಡಿ ಒತ್ತಿ ಅವಳ ಕಿವಿಗೆ ಹಿಡಿದ.

"ಕುಯ್."

ಮುದುಕಿ ತಲೆ ವಾರೆ ಮಾಡಿ ಕೇಳಿಸಿಕೊಂಡಳು. ತಟ್ಟೆಯನ್ನು ಎಳೆದುಕೊಂಡಳು. ಚಲುವರಾಜು ಗೇಮನ್ನು ಪ್ರಮೀಳಾಳ ಕೈಗೆ ಕೊಟ್ಟು, ಜಗಲಿಗೆ ಬಂದು ಎಲೆಯಡಿಕೆ ಬಿಚ್ಚಿದ. ಹಿಂದೆಯೇ ಅವಳೂ ಬಂದಳು, ಪರದೆಯನ್ನೇ ನೋಡುತ್ತ.

"ಮಾವ, ಇದ್ರ ಜೀವ ತುಂಬದಲ್ಲ," ಎಂದಳು ಮೆಲ್ಲಗೆ.

"ನಾನೇ ಆಸ್ಪತ್ರೆಗೆ ಕರ್ಕೊಂಡೋಗಿದ್ದೆ ಕಣವ್ವ. ಪಾಪ, ಸೊರಗಿತ್ತು."

"ವಯಸ್ಸು ಹದಿನಾಲ್ಕಿತ್ತು. ಈಗ ಮೂರಾಗದೆ. ಆಸ್ಪತ್ರೇಲಿ ವಯಸ್ಸೂ ಇಳಿಸ್ತಾರಾ?"

ಹಲ್ಲು ನೋಡಿ ದನದ ವಯಸ್ಸು ಹೇಳುವವನು ಅಂಕಿ ನೋಡುವುದನ್ನೇ ಮರೆತಿದ್ದ. ಎಲೆಗೆ ಸುಣ್ಣ ಹಚ್ಚುತ್ತಿದ್ದ ಬೆರಳು ಅಲ್ಲೇ ನಿಂತಿತು. ಮನೆ, ಮನುಷ್ಯ, ಹಗ್ಗ, ಕುಳ್ಳಯ್ಯ, ಎಲ್ಲವನ್ನೂ ಪಿಸುದನಿಯಲ್ಲಿ ಒಪ್ಪಿಸಿದ. "ಬಯ್ಯವ್ವ," ಎಂದ ಕೊನೆಗೆ. "ನಿನ್ ಗಂಡ ಸಾಕಿದ್ದುನ್ನ ಮಾರ್ಬುಟ್ಟೆ."

ಪ್ರಮೀಳಾ ಬಯ್ಯಲಿಲ್ಲ. ಜಗಲಿಯ ಅಂಚಿನಲ್ಲಿ ಕೂತಳು.

"ಅವ್ರು ಸಾಕಿದ್ದುನ್ನ ನೀವು ಮಾರ್ಲಿಲ್ಲ ಮಾವ. ಅದು ಟ್ರಂಕು ಬಂದ ದಿನಾನೇ ಓಯ್ತು. ನಂಗೆ ತಿಳೀದೆ ಹೊಸ ಆಟ ಅನ್ನೋದುನ್ನ ಒತ್ತಿ, ಅದ್ರ ಮೇಲೇ ಬರೆದ್ಬುಟ್ಟೆ. ನೀವು ಕೊಟ್ಟಿದ್ದು ನಾನು ಹೊಸ್ದಾಗಿ ಇಡ್ದು ಸಾಕಿದ್ದು. 'ಪುಟ್ಟಿ ಹದಿನಾಕು ಆದ್ಳು, ಏಟು ತಿಂದು ಸುಸ್ತಾಗವಳೆ, ನಾಳೆ ಆಸ್ಪತ್ರೆಗೆ ಕರ್ಕೊಂಡೋಯ್ತೀನಿ' ಅಂತ ಅವ್ರ ಕೊನೇ ಕಾಗದ್ದಾಗೆ ಇತ್ತು. ಅದ್ನ ಅಂಗೇ ಹದಿನಾಕಕ್ಕೆ ತಂದು, ಅಂಗೇ ಸುಸ್ತು ಮಾಡಿ ಇಟ್ಟಿದ್ದೆ. ಐದು ತಿಂಗ್ಳು ಇಡೀತು."

ಬಣ್ಣ ಬಳಿದ ಎತ್ತನ್ನು ಕೊಟ್ಟು, ಬಣ್ಣ ಬಳಿದ ಎತ್ತನ್ನೇ ತಂದು ಕಟ್ಟಿದ್ದ ಚಲುವರಾಜು. ನಲವತ್ತು ವರ್ಷದ ಅವನ ಕಣ್ಣಿಗೆ ಮೊದಲನೆಯದರ ಬಣ್ಣ ಗೊತ್ತಾಗಿರಲಿಲ್ಲ.

"ಅತ್ತೆಗೆ ಏಳ್ಬೇಡಿ ಮಾವ," ಎಂದಳು ಅವಳು. "ನಿಮ್ಗೆ ಸುಳ್ಳು ಏಳೋದು ಕಷ್ಟ ಅಲ್ವಲ್ಲ."

"ಚಲುವ," ಎಂದಿತು ಒಳಗಿನ ದನಿ. ಕಣ್ಣು ಹೋದಮೇಲೆ ಅಕ್ಕನ ಕಿವಿ ಹೇಮಾವತಿಯ ಆಚೆ ದಡದಲ್ಲಿ ಎಲೆ ಬಿದ್ದರೂ ಲೆಕ್ಕ ಹಿಡಿಯುತ್ತಿತ್ತು. "ಈಗ ಕೂಗಿದ್ದು ನಮ್ಮ ನಾಗ ಸಾಕಿದ್ದೇನ್ಲಾ?"

ಚಲುವರಾಜು ಬಾಗಿಲಿಗೆ ಬಂದು ನಿಂತ. ಅಕ್ಕ ಮುದ್ದೆಯ ತುತ್ತು ಮುರಿದು ಕೈಯಲ್ಲೇ ಹಿಡಿದಿದ್ದಳು. ಬಾಯಿಗೆ ಇಟ್ಟಿರಲಿಲ್ಲ. ಜೀವಮಾನದಲ್ಲಿ ಹೇಳಿದ ಸುಳ್ಳುಗಳನ್ನು ಸಾಲಾಗಿ ಕಟ್ಟಿದ್ದರೆ ಬೂಕನಕೆರೆ ಸಂತೆ ಮಾಳ ಸಾಲುತ್ತಿರಲಿಲ್ಲ. ಈಗ ಬೇಕಾಗಿದ್ದದ್ದು ಒಂದೇ ಒಂದು.

"ಅವನ್ದೇ ಕಣಕ್ಕ."

"ನಿನ್ನ ಮೂರು ಕಾಲಿನ ಎತ್ತಿನಷ್ಟು ನಿಜವಾ?"

ತುತ್ತು ಅಲ್ಲೇ ಇತ್ತು. ಚಲುವರಾಜು ಹೊಸ್ತಿಲ ಮೇಲೆ ಕೂತ. ಮೀಸೆ ಎರಡೂ ಕಡೆಯಿಂದ ಇಳಿದು ಬಾಯಿಯ ಮೇಲೆ ಬಿತ್ತು.

"ಆ ಎತ್ತು ಮಾರ್ದೋನು ನಾನಲ್ಲ ಕಣಕ್ಕ," ಎಂದ. "ಕೊಂಡ್ಕೊಂಡು ಮೋಸ ಓದೋನು ನಾನು."