ಬೂರುಗದ ಮರದ ಡಕೋಟಾ

ಸಂಗೀತ ಕಲಿಯುವವನಿಂದ ಅಕ್ಕಪಕ್ಕದವರಿಗೆ ತೊಂದರೆ, ನಾಯಿ ಸಾಕುವವನಿಂದ ಪೋಸ್ಟ್‌ಮನ್ನಿಗೆ ತೊಂದರೆ, ಮರದ ವಿಮಾನ ಮಾಡುವವನಿಂದ ಯಾರಿಗೂ ತೊಂದರೆಯಿಲ್ಲ ಅಂದುಕೊಂಡೇ ನಾನು ಆ ಹುಚ್ಚು ಹಚ್ಚಿಕೊಂಡಿದ್ದು. ಆದರೆ ಪ್ರತಿ ವಿಮಾನಕ್ಕೂ ಏನಾದರೊಂದು ರಾಮಾಯಣ ಆಗಿಯೇ ಆಗುತ್ತಿತ್ತು.

ಐವತ್ತರ ದಶಕದ ಮಾತು. ಭದ್ರಾವತಿಯ ಒಂದು ಕಾರ್ಖಾನೆಯಲ್ಲಿ ನಕ್ಷೆ ಬರೆಯುವ ಕೆಲಸ ನನ್ನದು. ಕ್ವಾರ್ಟರ್ಸಿನಲ್ಲಿ ನಾನು, ಹೆಂಡತಿ, ಅಮ್ಮ ಮತ್ತು ಮದುವೆ ವಯಸ್ಸಿಗೆ ಬಂದ ತಂಗಿ. ಹಳೆಯ ಇಂಗ್ಲಿಷ್ ಪತ್ರಿಕೆಗಳಲ್ಲಿ ವಿಮಾನದ ಚಿತ್ರ ಸಿಕ್ಕರೆ ಸಾಕು, ಅಳತೆ ಇಳಿಸಿ ನಕ್ಷೆ ಬರೆದು, ಹಗುರ ಮರದಲ್ಲಿ ಕೆತ್ತಿ, ತಗಡಿನ ಜೋಡಣೆಯ ಗೆರೆಗಳನ್ನೂ ಸೂಜಿಯಲ್ಲಿ ಗೀರಿ ಬಣ್ಣ ಹಚ್ಚುತ್ತಿದ್ದೆ.

೧. ಸಾಗುವಾನೀನೇ ಹಾಕಿ

ಮೊದಲ ಡಕೋಟಾ ವಿಮಾನಕ್ಕೆ ಬೂರುಗದ ಮರ ಬೇಕಾಗಿ ಸೌದೆ ಡಿಪೋಗೆ ಹೋದೆ.

"ಯಾತಕ್ಕೆ ಸಾರ್?" ಅಂದ ಡಿಪೋದವನು.

"ವಿಮಾನ ಮಾಡೋಕೆ."

ಅವನು ಬೀಡಿ ಕೆಳಗಿಟ್ಟ. ಮುಖ ಗಂಭೀರವಾಯಿತು. "ಬೂರುಗ ಬೇಡ ಸಾರ್. ಅದು ಬೆಂಕಿಕಡ್ಡಿಗೆ ಸರಿ. ಇದು ಜನ ಕೂರೋ ವಸ್ತು. ಸಾಗುವಾನೀನೇ ಹಾಕಿ, ಗೆದ್ದಲು ಹತ್ತಲ್ಲ."

"ಆಕಾಶದಲ್ಲಿ ಗೆದ್ದಲು ಎಲ್ಲಿ ಬರುತ್ತೆ ಮಾರಾಯ? ಅದೂ ಅಲ್ಲದೆ ಇದರಲ್ಲಿ ಯಾರೂ ಕೂರಲ್ಲ. ಇಷ್ಟೇ ಇರೋದು" ಅಂತ ಎರಡು ಕೈಗಳ ನಡುವೆ ಅಳತೆ ತೋರಿಸಿದೆ.

ಅವನಿಗೆ ನಗು ಬಂತು. ಒಳಗೆ ತಿರುಗಿ ಕೂಗಿದ: "ಲೇ, ಒಂದು ಬೂರುಗದ ತುಂಡು ಕೊಟ್ಟು ಕಳಿಸ್ರೋ. ಪಾಪ, ಮನೇಲಿ ಮಗು ಹಠ ಮಾಡ್ತಿದೆಯಂತೆ."

"ಮಗು ಇಲ್ಲಪ್ಪ. ನನಗೇ ಬೇಕು" ಅಂದೆ.

ಅವನು ನನ್ನ ಕನ್ನಡಕ ನೋಡಿದ, ಮೀಸೆ ನೋಡಿದ, ಮತ್ತೆ ಒಳಗೆ ಕೂಗಿದ: "ಎರಡು ತುಂಡು ಕೊಡ್ರೋ!"

೨. ವಿಮಾನ ಒಣಗ್ತಿದೆ

ಬೆಳ್ಳಿ ಬಣ್ಣಕ್ಕೆ ಶತ್ರು ಧೂಳು. ಹಸಿ ಬಣ್ಣದ ಮೇಲೆ ಒಂದು ಕಣ ಕೂತರೂ ರೆಕ್ಕೆಗೆ ಮೊಡವೆ ಎದ್ದ ಹಾಗೆ ಕಾಣುತ್ತದೆ. ಅದಕ್ಕೇ ಹೆಂಡತಿಗೆ ಹೇಳಿದೆ: "ನೋಡೇ, ಬಣ್ಣ ಒಣಗೋವರೆಗೂ ನಡುಮನೇಲಿ ಪೊರಕೆ ಮುಟ್ಟಬೇಡ."

ನನ್ನ ಹವ್ಯಾಸವನ್ನು ಅಲ್ಲಿಯವರೆಗೆ ಕಣ್ಣೆತ್ತಿಯೂ ನೋಡದವಳು ಆವತ್ತು ಹತ್ತಿರ ಬಂದು, "ಎಷ್ಟು ಚೆನ್ನಾಗಿದೆ ರೀ! ಇನ್ನೊಂದು ಕೋಟ್ ಹೊಡೀರಿ" ಅಂದಳು.

ಅಮ್ಮ ಪೂಜೆ ಮುಗಿಸಿ ವಿಭೂತಿ ಹಣೆಯಲ್ಲೇ ಬಂದು, "ಏನಮ್ಮಾ, ಇಷ್ಟು ಹೊತ್ತಾದರೂ ಕಸ ಗುಡಿಸಿಲ್ಲ?" ಅಂದರೆ, "ಅತ್ತೆ, ವಿಮಾನ ಒಣಗ್ತಿದೆ" ಅನ್ನುವಳು. ಮಾರನೆಯ ದಿನವೂ ಅದೇ ಉತ್ತರ. ಬಣ್ಣ ಒಣಗಿ, ನಾನು ವಿಮಾನವನ್ನು ಗಾಜಿನ ಬೀರುವಿನೊಳಗೆ ಇಟ್ಟ ಮೇಲೂ ನಮ್ಮ ನಡುಮನೆಯಲ್ಲಿ ಅದು ಒಣಗುತ್ತಲೇ ಇತ್ತು.

ಒಂದು ಸಂಜೆ ಪಕ್ಕದ ಕ್ವಾರ್ಟರ್ಸಿನ ತಮಿಳು ಅಮ್ಮ ನನ್ನನ್ನು ಗೇಟಿನ ಹತ್ತಿರ ನಿಲ್ಲಿಸಿ, ಅತ್ತಿತ್ತ ನೋಡಿ, ಮೆಲ್ಲಗೆ ಕೇಳಿದರು: "ಸಾರ್, ನಮ್ಮ ಯಜಮಾನ್ರಿಗೂ ಈ ವಿಮಾನ ಮಾಡೋದು ಸ್ವಲ್ಪ ಹೇಳಿಕೊಡಿ. ನಮ್ಮ ಮನೆ ಇನ್ನೂ ದೊಡ್ಡದು, ಗುಡಿಸಿ ಗುಡಿಸಿ ಸಾಕಾಗಿದೆ."

೩. ಮಲವಗೊಪ್ಪದ ಹತ್ತಿರ

ಶಿವಮೊಗ್ಗದ ಒಂದು ಹೈಸ್ಕೂಲಿನ ವಸ್ತುಪ್ರದರ್ಶನಕ್ಕೆ ಡಕೋಟಾ ಒಯ್ಯಬೇಕಿತ್ತು. ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ರೆಕ್ಕೆ ಮುರಿದೀತೆಂದು ವಿಮಾನವನ್ನು ತಲೆಯ ಮೇಲೆ ಎತ್ತಿ ಹಿಡಿದು ನಿಂತಿದ್ದೆ.

"ಅದನ್ನ ಟಾಪ್ ಮೇಲೆ ಹಾಕಿ ಸ್ವಾಮಿ" ಅಂದ ಕಂಡಕ್ಟರ್.

"ಅಡಿಕೆ ಮೂಟೆ ಜೊತೆಗಾ? ಪುಡಿಯಾಗುತ್ತೆ ಮಾರಾಯ!"

ಕಿಟಕಿ ಪಕ್ಕ ಕೂತಿದ್ದ ಹೊಳೆಹೊನ್ನೂರಿನ ಅಜ್ಜಿಯೊಬ್ಬಳು ಕೈ ಚಾಚಿದಳು. "ಕೊಡಪ್ಪಾ ಇಲ್ಲಿ. ಎಷ್ಟೋ ಮಕ್ಕಳನ್ನ ಈ ತೊಡೆ ಮೇಲೇ ಸಾಕಿದೀನಿ, ಇದೇನು ಭಾರ?" ಅಂತ ಸೆರಗು ಹಾಸಿ ಡಕೋಟಾವನ್ನು ಮಲಗಿಸಿಕೊಂಡಳು. ಬಸ್ಸು ಕುಲುಕಿದಾಗಲೆಲ್ಲ ಅದರ ಬೆನ್ನು ತಟ್ಟುತ್ತಿದ್ದಳು.

ಮಲವಗೊಪ್ಪದ ಹತ್ತಿರ ಬಸ್ಸು ಕೆಮ್ಮಿ ಕೆಮ್ಮಿ ನಿಂತೇಬಿಟ್ಟಿತು. "ಎಲ್ಲಾ ಇಳೀರಿ, ಸ್ವಲ್ಪ ತಳ್ಳಬೇಕು" ಎಂದು ಕಂಡಕ್ಟರ್ ಕೂಗಿದ. ಗಂಡಸರೆಲ್ಲ ತಳ್ಳಲು ನಿಂತೆವು, ಹೆಂಗಸರು ಮಕ್ಕಳು ಮರದ ನೆರಳಿಗೆ ಹೋದರು. ಅಜ್ಜಿ ಮಾತ್ರ ಸೀಟಿನಿಂದ ಅಲುಗಲಿಲ್ಲ.

"ಅಜ್ಜೀ, ಇಳಿಯಮ್ಮಾ! ಬಸ್ಸು ಕೆಟ್ಟಿದೆ!" ಅಂದ ಕಂಡಕ್ಟರ್.

ಅಜ್ಜಿ ಡಕೋಟಾವನ್ನು ಅಪ್ಪಿಕೊಂಡು ಕಿಟಕಿಯಿಂದ ತಲೆ ಹಾಕಿದಳು. "ಕೆಟ್ಟಿರೋದು ನಿನ್ನ ಬಸ್ಸು ಕಣಪ್ಪ. ನಾನು ವಿಮಾನದೋಳು!"

೪. ಮೂಗು

ಇಷ್ಟೆಲ್ಲ ಆದರೂ ನಾನು ನಿಜವಾಗಿ ಬೆವತದ್ದು ಗಂಡಿನ ಕಡೆಯವರು ತಂಗಿಯನ್ನು ನೋಡಲು ಬಂದ ದಿನ. ಹುಡುಗ ಶಿವಮೊಗ್ಗದವನು, ಬ್ಯಾಂಕಿನಲ್ಲಿ ಕೆಲಸ, ಒಳ್ಳೆಯ ಮನೆತನ. ತಂಗಿ ಲಕ್ಷಣವಾದವಳೇ, ಆದರೆ ನಮ್ಮ ಅಪ್ಪಾಜಿಯ ಮೂಗು ಹಾಗೇ ಅವಳಿಗೆ ಬಂದಿತ್ತು. ಆ ಮೂಗು ನೋಡಿ ಹಿಂದೆ ಒಂದು ಸಂಬಂಧ ತಪ್ಪಿಹೋಗಿತ್ತು. "ಇದೂ ತಪ್ಪಿದರೆ ಅವಳು ಇನ್ಯಾರ ಮುಂದೆಯೂ ಬಂದು ನಿಲ್ಲಲ್ಲ ಕಣೋ" ಅಂತ ಅಮ್ಮ ಬೆಳಗಿನಿಂದ ಒದ್ದಾಡುತ್ತಿದ್ದಳು.

ಹುಡುಗ ತಂದೆ ತಾಯಿಯ ಜೊತೆ ಬಂದು ಕೂತ. ಎದುರಿಗೇ ಗಾಜಿನ ಬೀರು. ಅವನ ಕಣ್ಣು ಒಳಗಿನ ಡಕೋಟಾದ ಮೇಲೆ ಬಿತ್ತು, ಮತ್ತೆ ಬೇರೆ ಕಡೆ ತಿರುಗಲೇ ಇಲ್ಲ.

"ಇದನ್ನ ನೀವೇ ಮಾಡಿದ್ದಾ? ಕಿಟಕಿಗೆ ಏನು ಹಾಕಿದೀರಿ?"

"ಹಳೇ ಎಕ್ಸ್‌ರೇ ಹಾಳೆ ತೊಳೆದು ಹಾಕಿದೀನಿ."

ತೆಗೆದು ಕೈಗೆ ಕೊಟ್ಟೆ. ಕೊಡಬಾರದಿತ್ತು. ಅವನು ಅದನ್ನು ಕಣ್ಣಿನ ಮಟ್ಟಕ್ಕೆ ಹಿಡಿದು, ಒಂದು ಕಣ್ಣು ಮುಚ್ಚಿ, ತಿರುಗಿಸಿ ತಿರುಗಿಸಿ ನೋಡತೊಡಗಿದ. ಅಷ್ಟರಲ್ಲಿ ತಂಗಿ ಕಾಫಿ ತಟ್ಟೆ ಹಿಡಿದು ಬಂದು ಎದುರಿಗೆ ನಿಂತಳು. ಅವನು ತಲೆ ಎತ್ತಲಿಲ್ಲ.

ಅವರ ತಂದೆ ಗಂಟಲು ಸರಿಮಾಡಿಕೊಂಡು ಕೇಳಿದರು: "ಏನಪ್ಪಾ, ನೋಡಿದೆಯಾ? ಏನನ್ನಿಸ್ತು?"

"ತುಂಬಾ ಚೆನ್ನಾಗಿದೆ ಅಪ್ಪಾಜಿ" ಅಂದ ಹುಡುಗ, ವಿಮಾನದಿಂದ ಕಣ್ಣು ಕೀಳದೆ. "ಮೂಗೊಂದು ಸ್ವಲ್ಪ ಉದ್ದ ಆಯ್ತು. ಅರ ಹಾಕಿ ಉಜ್ಜಿದ್ರೆ ಸರಿಹೋಗುತ್ತೆ."

ಅಮ್ಮ "ಶಿವ ಶಿವಾ" ಅಂತ ಗೋಡೆ ಹಿಡಿದುಕೊಂಡಳು. ಅವರ ತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನನಗೆ ನಿಂತ ನೆಲ ಬಿರಿಯಬಾರದೇ ಅನ್ನಿಸಿತು. ತಂಗಿ ಮಾತ್ರ ತಟ್ಟೆಯನ್ನು ಟಣ್ಣನೆ ಮೇಜಿನ ಮೇಲಿಟ್ಟಳು.

"ಉಜ್ಜೋದೇ ಆದ್ರೆ ನಿಮ್ಮ ಕಿವಿಯಿಂದ ಶುರು ಮಾಡೋಣ. ರೆಕ್ಕೆ ಥರ ಹರಡಿಕೊಂಡಿವೆ!"

ಹುಡುಗ ಬೆಚ್ಚಿ ತಲೆ ಎತ್ತಿದ. ಆವಾಗಲೇ ಅವನು ಅವಳನ್ನು ಮೊದಲ ಸಲ ನೋಡಿದ್ದು. ಕೈಯಲ್ಲಿದ್ದ ವಿಮಾನದ ಮೂಗು ನೋಡಿದ, ಅವಳ ಮೂಗು ನೋಡಿದ, ತಾನು ಏನು ಅಂದೆ ಎಂಬುದು ಆಗ ಹೊಳೆಯಿತು. ಮುಖ ಕೆಂಪಾಗಿ, ಆ ದೊಡ್ಡ ಕಿವಿಗಳೂ ಕೆಂಪಾದವು. ಮೊದಲು ಅವರ ತಂದೆಗೇ ನಗು ತಡೆಯಲಾಗಲಿಲ್ಲ, ಆಮೇಲೆ ಇಡೀ ಮನೆ ನಕ್ಕಿತು. ಕೊನೆಗೆ ತಂಗಿಯೂ ನಕ್ಕಳು.

ನಗು ಇಳಿದ ಮೇಲೆ ಅವರ ತಂದೆ ಕಣ್ಣೊರೆಸಿಕೊಂಡು, "ಈಗ ಸರಿಯಾಗಿ ನೋಡಿ ಹೇಳಪ್ಪಾ" ಅಂದರು.

ಹುಡುಗ ವಿಮಾನವನ್ನು ಮೆಲ್ಲಗೆ ನನ್ನ ಕೈಗೆ ಕೊಟ್ಟು, ಅವಳನ್ನೇ ನೋಡುತ್ತಾ ಹೇಳಿದ: "ಅಳತೆ ಸರಿಯಾಗೇ ಇದೆ ಅಪ್ಪಾಜಿ. ಯಾರೂ ಏನೂ ಉಜ್ಜೋದು ಬೇಡ."